ಬಳ್ಳಾರಿ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸದ ಒರೆಗಲ್ಲು

ಕ್ರಿಸ್ತನನ್ನು ಬಾಯಲ್ಲಿ ಒಪ್ಪಿಕೊಳ್ಳುವುದಕ್ಕೂ ಬದುಕನ್ನೇ ಆತನಿಗೆ ಒಪ್ಪಿಸುವುದಕ್ಕೂ ಇರುವ ಅಂತರವನ್ನು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯೇ ಚರ್ಚೆಗೆ ತಂದಿದೆ. ಮುಂದೆ ಪ್ರೊಟೆಸ್ಟಂಟ್ ದೇವತಾಶಾಸ್ತ್ರಜ್ಞರು ವಿಶ್ವಾಸದಲ್ಲಿ ತಿಳಿವು, ಸಮ್ಮತಿ, ಭರವಸೆ ಎಂಬ ಮೂರು ಅಂಶಗಳನ್ನು ಗುರುತಿಸಿ, ಮೊದಲ ಎರಡರಲ್ಲೇ ನಿಂತುಬಿಟ್ಟದ್ದನ್ನು ನಾಮಮಾತ್ರ ನಂಬಿಕೆಯೆಂದು ಪರಿಗಣಿಸಿದರು. ಆದರೆ ಮೂರನೆಯದು ಇನ್ನೊಬ್ಬರ ಮನಸ್ಸಿನಲ್ಲಿ ಇದೆಯೆಂದು ಸಭೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಬಳ್ಳಾರಿ ಸೀಮೆಯ ಸಭೆಗಳು ಕಾಲಕಾಲಕ್ಕೆ ಬೇರೆಬೇರೆ ಉತ್ತರ ಕೊಡಬೇಕಾಯಿತು.

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿದಾಗ ಆ ಮಿಷನ್ನಿನ ಪದ್ಧತಿಯಂತೆ ಆರಾಧನೆಗೆ ಬಂದು ಕೂರುವವರು ಬೇರೆ, ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರದಲ್ಲಿ, ಪಾಲುಗೊಳ್ಳುವ ಸಭಾಸದಸ್ಯರು ಬೇರೆಯಾಗಿದ್ದರು. ಇವೆರಡರ ನಡುವಿನ ಹೊಸ್ತಿಲಲ್ಲಿ ಪ್ರಶ್ನೋತ್ತರಮಾಲೆ, ಅಂದರೆ ಬಾಯಿಪಾಠ ಮಾಡಿ ಒಪ್ಪಿಸಬೇಕಾದ ಧರ್ಮಬೋಧೆಯ ಪ್ರಶ್ನೆ-ಉತ್ತರಗಳ ಪಾಠ, ಇತ್ತು. ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾದ ಮೇಲೆ ಓದು ಮತ್ತು ಬಾಯಿಪಾಠಕ್ಕೆ ಇನ್ನಷ್ಟು ಬಲ ಬಂತು. ಆದರೂ ಉತ್ತರವನ್ನು ತಪ್ಪಿಲ್ಲದೆ ಒಪ್ಪಿಸಿದವನು ಮನಸ್ಸನ್ನೂ ಒಪ್ಪಿಸಿದ್ದಾನೆಂದು ಹೇಳಲಾಗದು. ಈ ಸಂಶಯ ಕುರುಗೋಡು, ಸಿರುಗುಪ್ಪದ ಕಡೆಯ ಕೇಳುಗರಿಗೆ ಹೊಸದೇನಲ್ಲ, ಏಕೆಂದರೆ ದೊಡ್ಡಬಸವೇಶ್ವರನ ಕುರುಗೋಡಿನಂಥ ಊರಿನಲ್ಲಿ ಲಾಂಛನಕ್ಕೂ ಭಕ್ತಿಗೂ ಇರುವ ಭೇದವನ್ನು ಶರಣ ಪರಂಪರೆ ಮೊದಲೇ ಕಲಿಸಿತ್ತು.

ಹೆಚ್ಚು ಕಠಿಣವಾದ ಪರೀಕ್ಷೆ ಜಾತಿಯ ರೂಪದಲ್ಲಿ ಎದುರಾಯಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1850ರಲ್ಲಿ ಮದ್ರಾಸಿನ ಮಿಷನರಿಗಳ ಸಮ್ಮೇಳನವು ಜಾತಿಯನ್ನು ಬಿಡದವರನ್ನು ಸಭೆಗೆ ಸೇರಿಸಬಾರದೆಂದೂ ಸಹಭೋಜನವೇ ಅದಕ್ಕೆ ಸಾಕ್ಷಿಯೆಂದೂ ನಿಲುವು ತಳೆಯಿತು. ದೀಕ್ಷಾಸ್ನಾನ ಪಡೆದು, ಕೀರ್ತನೆ ಹಾಡಿ, ಅದೇ ಸಭೆಯ ಇನ್ನೊಬ್ಬ ವಿಶ್ವಾಸಿ ಬೇಯಿಸಿದ ಅನ್ನವನ್ನು ಮಾತ್ರ ಮುಟ್ಟದವನ ನಂಬಿಕೆ ಎಷ್ಟು ಆಳದ್ದು ಎಂಬುದು ಊಟದ ಪಂಕ್ತಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಬಾಯಿಪಾಠಕ್ಕಿಂತ ಇದು ಸತ್ಯಕ್ಕೆ ಹೆಚ್ಚು ಹತ್ತಿರದ ಪರೀಕ್ಷೆ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಪಂಕ್ತಿಯಲ್ಲಿ ಒಮ್ಮೆ ಉಂಡು ಮನೆಯಲ್ಲಿ ಹಳೆಯ ಭೇದವನ್ನೇ ಪಾಲಿಸಲು ಇಲ್ಲಿಯೂ ಅವಕಾಶವಿತ್ತು.

1876–78ರ ಭೀಕರ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿದಾಗ ದಕ್ಷಿಣ ಭಾರತದಲ್ಲೆಲ್ಲ ಅನ್ನಕ್ಕಾಗಿ ಮತಾಂತರವಾದರೆಂಬ ಆಕ್ಷೇಪ ಗಟ್ಟಿಯಾಯಿತು. ಹಸಿದವನ ನಂಬಿಕೆಯನ್ನು ಹಸಿವಿನ ಕಾರಣಕ್ಕೇ ಹುಸಿಯೆನ್ನುವುದು ಅನ್ಯಾಯ. ಭಾರತದ ಸಾಮೂಹಿಕ ಮತಾಂತರಗಳನ್ನು ಕುರಿತು ಜೆ. ವಾಸ್ಕಂ ಪಿಕೆಟ್ 1933ರಲ್ಲಿ ಪ್ರಕಟಿಸಿದ ಅಧ್ಯಯನವೂ, ಸಭೆಗೆ ಬಂದ ಉದ್ದೇಶದಷ್ಟೇ, ಬಂದ ಮೇಲೆ ದೊರೆತ ಬೋಧನೆ ಮತ್ತು ಪೋಷಣೆಯೂ ನಿರ್ಣಾಯಕವೆಂದು ತೋರಿಸಿಕೊಟ್ಟಿತು. ವಿಶ್ವಾಸವನ್ನು ಪ್ರವೇಶದ ದಿನವೇ ಅಳೆಯಬಹುದೆಂಬ ಹಳೆಯ ಗ್ರಹಿಕೆ ಇದರಿಂದ ಸಡಿಲವಾಯಿತು.

1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು, 1949ರಲ್ಲಿ ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಈ ಎರಡೂ ಕಡೆ, ಕ್ರೈಸ್ತ ಮನೆಯಲ್ಲೇ ಹುಟ್ಟಿ, ಎಳವೆಯಲ್ಲೇ ದೀಕ್ಷಾಸ್ನಾನ ಪಡೆದ ತಲೆಮಾರುಗಳಿಗೆ ಈಗ ದೃಢೀಕರಣದ ತರಗತಿಯೇ, ಅಂದರೆ ತಂದೆತಾಯಿ ಕೊಟ್ಟ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳಲು ಸಿದ್ಧವಾಗುವ ಹಂತವೇ, ಮುಖ್ಯವಾಗಿದೆ. ಅಲ್ಲಿ ಬೋಧಿಸುವವರು ಪ್ರಾರ್ಥನೆಗಳ ಬಾಯಿಪಾಠವನ್ನು ಕೇಳಿ ಮುಗಿಸದೆ, ಬೇರೆ ಕೇರಿಯಿಂದ ಬಂದ ವಿಶ್ವಾಸಿಯ ಮನೆಯಲ್ಲಿ ಉಣ್ಣಲು ಮತ್ತು ಅಲ್ಲಿಂದ ಹೆಣ್ಣು ತರಲು ಆ ಯುವಕರ ಮನಸ್ಸು ಒಪ್ಪುತ್ತದೆಯೇ ಎಂದೂ ವಿಚಾರಿಸಬೇಕು.