ಮೆಸೋಥೀಲಿಯೋಮಾ: ಕ್ಯಾನ್ಸರ್ ರೋಗದ ಹಂತವನ್ನು ನಿರ್ಧರಿಸುವ ವಿಧಾನ

ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಖನಿಜದ ನಿಕ್ಷೇಪಗಳಿವೆ. ಕೇಂದ್ರ ಸರ್ಕಾರವು 1986ರಲ್ಲಿ ಕಲ್ನಾರು ಗಣಿಗಳಿಗೆ ಹೊಸ ಗುತ್ತಿಗೆ ನೀಡುವುದನ್ನೂ 1993ರಲ್ಲಿ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಆದರೆ ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ದೇಹ ಸೇರಿದ ನಂತರ ರೋಗವು ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಎಂದೋ ಬಿಟ್ಟ ಕೆಲಸವನ್ನೂ ವೈದ್ಯರಿಗೆ ತಿಳಿಸುವುದು ಅಗತ್ಯ.

ಈ ಕ್ಯಾನ್ಸರ್ ಹೆಚ್ಚಾಗಿ ಶ್ವಾಸಕೋಶವನ್ನು ಆವರಿಸಿರುವ ಪೊರೆಯಲ್ಲಿ, ಕೆಲವೊಮ್ಮೆ ಹೊಟ್ಟೆಯ ಒಳಪೊರೆಯಲ್ಲಿ ಉಂಟಾಗುತ್ತದೆ. ಎದೆಯಲ್ಲಿ ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾಗುವುದು ಸಾಮಾನ್ಯ ಲಕ್ಷಣ. ನಮ್ಮಲ್ಲಿ ಹೀಗಾದಾಗ ಮೊದಲು ಕ್ಷಯರೋಗವನ್ನು ಶಂಕಿಸುವುದು ಸಹಜವೇ ಆಗಿದೆ. ಎದೆಯಿಂದ ತೆಗೆದ ನೀರಿನ ಪರೀಕ್ಷೆಯೊಂದರಿಂದಲೇ ಮೆಸೋಥೀಲಿಯೋಮಾ ಖಚಿತವಾಗುವುದು ಅಪರೂಪ. ನೀರಿನಲ್ಲಿ ಕ್ಯಾನ್ಸರ್ ಕಣ ಕಂಡುಬಂದಿಲ್ಲವೆಂದು ವರದಿ ಬಂದ ಮಾತ್ರಕ್ಕೆ ರೋಗವಿಲ್ಲವೆಂದು ಭಾವಿಸಬಾರದು. ಎದೆಯೊಳಗೆ ದರ್ಶಕ ನಳಿಕೆಯನ್ನು ತೂರಿಸಿ ಪೊರೆಯ ತುಣುಕನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಹೆಚ್ಚು ವಿಶ್ವಾಸಾರ್ಹ.

ರೋಗ ಖಚಿತವಾದ ನಂತರವೇ ಹಂತವನ್ನು ನಿರ್ಧರಿಸಲಾಗುತ್ತದೆ. ಇದಕ್ಕೆ ಪ್ರಪಂಚದಾದ್ಯಂತ ಟಿ.ಎನ್.ಎಂ. ಪದ್ಧತಿಯನ್ನು ಅನುಸರಿಸಲಾಗುತ್ತಿದ್ದು, ಅದರ ಒಂಬತ್ತನೆಯ ಆವೃತ್ತಿಯು 2025ರಿಂದ ಬಳಕೆಯಲ್ಲಿದೆ. 'ಟಿ' ಎಂದರೆ ಗಡ್ಡೆಯ ವ್ಯಾಪ್ತಿ. ಇದಕ್ಕಾಗಿ ಸಿ.ಟಿ. ಸ್ಕ್ಯಾನಿನಲ್ಲಿ ಎದೆಯ ಮೇಲ್ಭಾಗ, ನಡುಭಾಗ ಮತ್ತು ಕೆಳಭಾಗಗಳಲ್ಲಿ ಪೊರೆಯ ದಪ್ಪವನ್ನು ಅಳೆದು ಕೂಡಿಸುತ್ತಾರೆ. ಮೊತ್ತವು 12 ಮಿಲಿಮೀಟರ್ ಮೀರಿದೆಯೇ, 30 ಮಿಲಿಮೀಟರ್ ಮೀರಿದೆಯೇ ಎಂಬುದು ಮುಖ್ಯ. ಗಡ್ಡೆಯು ಎದೆಗೂಡು, ವಪೆ ಅಥವಾ ಹೃದಯದ ಪೊರೆಯೊಳಕ್ಕೆ ಇಳಿದಿರುವುದನ್ನೂ ಗಮನಿಸಲಾಗುತ್ತದೆ. 'ಎನ್' ಎಂದರೆ ದುಗ್ಧರಸ ಗ್ರಂಥಿಗಳು. ರೋಗವಿರುವ ಪಾರ್ಶ್ವದ ಎದೆಯೊಳಗಿನ ಗ್ರಂಥಿಗಳಿಗಿಂತ ಇನ್ನೊಂದು ಪಾರ್ಶ್ವದ ಅಥವಾ ಕೊರಳೆಲುಬಿನ ಮೇಲಿನ ಗ್ರಂಥಿಗಳಿಗೆ ಹರಡಿರುವುದು ಗಂಭೀರ. 'ಎಂ' ಎಂದರೆ ದೂರದ ಅಂಗಗಳಿಗೆ ಹರಡಿರುವುದು. ಇದನ್ನು ತಿಳಿಯಲು ಪೆಟ್ ಸ್ಕ್ಯಾನ್ ನೆರವಾಗುತ್ತದೆ.

ಗಡ್ಡೆ ತೆಳುವಾಗಿದ್ದು ಗ್ರಂಥಿಗಳಿಗೆ ಹರಡಿರದಿದ್ದರೆ ಒಂದನೆಯ ಹಂತವೆಂದೂ, ದೂರದ ಅಂಗಗಳಿಗೆ ಹರಡಿದ್ದರೆ ನಾಲ್ಕನೆಯ ಹಂತವೆಂದೂ ಪರಿಗಣಿಸಲಾಗುತ್ತದೆ. ಉಸಿರಾಟದ ತೊಂದರೆ ಎಷ್ಟಿದೆ ಎಂಬುದರಿಂದ ಹಂತ ತಿಳಿಯುವುದಿಲ್ಲ. ನೀರು ತುಂಬಿದ ಕಾರಣ ಆರಂಭದ ಹಂತದಲ್ಲಿಯೂ ರೋಗಿಯು ತೀವ್ರವಾಗಿ ಬಳಲಬಹುದು. ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬ ನಿರ್ಧಾರಕ್ಕೆ ಹಂತದ ಜೊತೆಗೆ ಜೀವಕೋಶದ ಬಗೆ ಹಾಗೂ ರೋಗಿಯ ದೇಹಶಕ್ತಿಯೂ ಆಧಾರ.

ಬಯಾಪ್ಸಿ ವರದಿ, ಗಾಜಿನ ಸ್ಲೈಡು, ಮೇಣದ ಬ್ಲಾಕು ಹಾಗೂ ಸ್ಕ್ಯಾನ್ ಸಿ.ಡಿ.ಗಳನ್ನು ರೋಗಿಯ ಕಡೆಯವರು ಪಡೆದು ಜೋಪಾನವಾಗಿಡತಕ್ಕದ್ದು. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗುವವರು ಇವನ್ನು ಒಯ್ದಲ್ಲಿ ಮತ್ತೊಮ್ಮೆ ಬಯಾಪ್ಸಿ ಮಾಡಿಸುವ ಪ್ರಮೇಯ ತಪ್ಪಬಹುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಯಲ್ಲಿರಲಿ.

ಕಲ್ನಾರಿನಿಂದ ಬಂದ ಮೆಸೋಥೀಲಿಯೋಮಾ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಆದೇಶಿಸಿದೆ. ಮಾಲೀಕರಿಂದ ಇದರ ಪ್ರತಿಯನ್ನು ಕೋರಬಹುದು.