ರೋಟರಿ ಟೂಲ್ (ಬಳಪದ ಕಲ್ಲಿನ ದುರಸ್ತಿಯಲ್ಲಿ)

ರೋಟರಿ ಟೂಲ್ ಎಂಬುದು ಪೆನ್ನಿನಂತೆ ಹಿಡಿದು ಬಳಸುವ, ತುದಿಯ ಬಿಟ್ಟನ್ನು ಅತಿ ವೇಗವಾಗಿ ತಿರುಗಿಸುವ ಸಣ್ಣ ವಿದ್ಯುತ್ ಯಂತ್ರ. ಅಮೆರಿಕದ ರೇಸೀನ್‌ನಲ್ಲಿ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ಆರಂಭಿಸಿದ ಕಂಪನಿಯಿಂದ ಇದು ಜನಪ್ರಿಯವಾಯಿತು. ಹಳೆಯ ಬಾಗಿಲು, ಹಿತ್ತಾಳೆ ದೀಪಗಳ ದುರಸ್ತಿಗೂ ಒದಗುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ಕೊಂಡ ಕಲ್ಲಿನ ಮೂರ್ತಿಯ ಬೆರಳೋ ಕಿರೀಟದ ಅಂಚೋ ಮುರಿದಾಗ ಮಾತ್ರ ಇದರ ಗುಣ ದೋಷಗಳೆರಡೂ ಸರಿಯಾಗಿ ಗೊತ್ತಾಗುತ್ತವೆ.

ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು, ಅಂದರೆ ಕ್ಲೋರೈಟ್ ಬೆರೆತ ಮೃದು ಶಿಲೆ. ಗಡಸುತನದ ಮೋಸ್ ಮಾಪಕದಲ್ಲಿ ಗ್ರಾನೈಟ್ 6–7ರ ಆಸುಪಾಸಿನಲ್ಲಿದ್ದರೆ ಬಳಪದ ಕಲ್ಲು ಬಹುಮಟ್ಟಿಗೆ 3ರ ಒಳಗೇ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರ ತಲೆಯ ಮೇಲಿನ ಬಳ್ಳಿಚಪ್ಪರದ ಎಲೆಗಳ ಹಿಂದೆ ಕಲ್ಲನ್ನು ತೆಗೆದು ಬಯಲು ಮಾಡಲು ಸಾಧ್ಯವಾದದ್ದು ಈ ಮೃದುತ್ವದಿಂದಲೇ. ಅಲ್ಲಿನ ನವರಂಗದ ಕಂಬಗಳ ನುಣುಪು ಉಂಗುರಗಳು ಲೇತಿನ ಕೆಲಸ: ಕಲ್ಲು ತಿರುಗುತ್ತಿತ್ತು, ಉಳಿ ನಿಂತಿರುತ್ತಿತ್ತು. ರೋಟರಿ ಟೂಲ್‌ನಲ್ಲಿ ಇದು ತಿರುವುಮುರುವು.

ಇಂಥ ಕಲ್ಲಿಗೆ ಭಾರಿ ಯಂತ್ರ ಬೇಡ. 130ರಿಂದ 175 ವಾಟ್ ಧಾರಾಳ. ಗಮನಿಸಬೇಕಾದದ್ದು ವೇಗದ ನಿಯಂತ್ರಣ. ನಿಮಿಷಕ್ಕೆ 30,000 ಸುತ್ತು ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದಕ್ಕಿಂತ, 10,000 ಸುತ್ತಿಗೆ ಇಳಿಸಿ ಕಲ್ಲಿಗೆ ಒತ್ತಿದಾಗ ಮೋಟಾರು ಸೊರಗದೆ ಉಳಿಯುತ್ತದೆಯೇ ಎಂಬುದು ಮುಖ್ಯ. ಅಂಗಡಿಯಲ್ಲೇ ಒತ್ತಿ ನೋಡುವುದು ಒಳ್ಳೆಯದು. ಬಿಟ್ ಹಿಡಿಯುವ ಕೋಲೆಟ್ 3.2 ಮಿ.ಮೀ. ಮತ್ತು 2.4 ಮಿ.ಮೀ. ಎರಡೂ ಇರಲಿ. ದಂತವೈದ್ಯರ ಕೆಲವು ಬರ್‌ಗಳ (ಕೊರೆಯುವ ಬಿಟ್‌ಗಳ) ಕಡ್ಡಿ 2.35 ಮಿ.ಮೀ. ಇದ್ದು ಎರಡನೆಯದರಲ್ಲಿ ಕೂರುತ್ತದೆ. ಎಲ್ಲ ಅಳತೆಗೂ ಹೊಂದುವ ಮೂರು ಹಲ್ಲಿನ ಚಕ್ ಅನುಕೂಲವೇ, ಆದರೆ ಅದರಲ್ಲಿ ಬಿಟ್ ಅಲುಗುವುದು ಹೆಚ್ಚು; ಸೂಜಿಯಷ್ಟು ಸಣ್ಣ ಬಿಟ್ ಅಲುಗಿದರೆ ಮುರಿದಂತೆಯೇ. ಅಕ್ಕಸಾಲಿಗರು ಮೇಲೆ ತೂಗುಹಾಕುವ ಮೋಟಾರು ಮತ್ತು ಬಾಗುವ ಶಾಫ್ಟ್ ಇದ್ದರೆ ಕೈಗೆ ಭಾರವೇ ತಿಳಿಯದು.

ಹಣ ಹಾಕಬೇಕಾದದ್ದು ಬಿಟ್‌ಗಳ ಮೇಲೆ. ಟಂಗ್‌ಸ್ಟನ್ ಕಾರ್ಬೈಡ್ ಬರ್ ಬಳಪದ ಕಲ್ಲನ್ನು ಬೇಗ ಕಡಿಯುತ್ತದೆ, ಅದೇ ಅದರ ಅಪಾಯವೂ ಹೌದು: ಅಂಚಿಗೆ ಬಂದಾಗ ಹಲ್ಲು ಸಿಕ್ಕಿಕೊಂಡು ಬಿಟ್ ಓಡುತ್ತದೆ, ಪಕ್ಕದ ಬೆರಳನ್ನೂ ಕಡಿದುಹಾಕುತ್ತದೆ. ಹೊಸಬರಿಗೆ ವಜ್ರದ ಪುಡಿ ಲೇಪಿಸಿದ ಗುಂಡು, ಮೊನೆ, ಜ್ವಾಲೆಯಾಕಾರದ ಬಿಟ್‌ಗಳೇ ವಾಸಿ. ಅವು ಕಡಿಯುವುದಿಲ್ಲ, ಸವೆಸುತ್ತವೆ. ಒಣಗಿಯೇ ಉಜ್ಜಿದರೆ ಕಲ್ಲಿನ ಪುಡಿ ಹರಳುಗಳ ನಡುವೆ ಮೆತ್ತಿಕೊಳ್ಳುತ್ತದೆ. ಆಗ ಬಿಟ್ಟನ್ನು ಸಾಣೆಕಲ್ಲಿನ ಚೂರಿನ ಮೇಲೆ ಕ್ಷಣ ಓಡಿಸಿದರೆ ಮತ್ತೆ ಚುರುಕಾಗುತ್ತದೆ. ಗುಲಾಬಿ ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಲೋಹಕ್ಕೆ, ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲಿಗೆ. ಉಕ್ಕಿನ ತಂತಿಯ ಬ್ರಷ್ ಮೂರ್ತಿಯ ಹತ್ತಿರವೂ ಬೇಡ, ಗೀರುಗಳ ಜೊತೆ ತುಕ್ಕಿನ ಚುಕ್ಕೆಗಳನ್ನೂ ಬಿಟ್ಟುಹೋಗುತ್ತದೆ.

ಬಿಟ್ಟಿನ ಅಗಲ ಹೆಚ್ಚಿದಂತೆ ವೇಗ ತಗ್ಗಬೇಕು. 30,000 ಸುತ್ತಿನಲ್ಲಿ 2 ಮಿ.ಮೀ. ಗುಂಡಿನ ಅಂಚು ಸೆಕೆಂಡಿಗೆ ಸುಮಾರು 3 ಮೀಟರ್ ಓಡಿದರೆ, 20 ಮಿ.ಮೀ. ಡಿಸ್ಕಿನ ಅಂಚು 31 ಮೀಟರ್ ಓಡುತ್ತದೆ.

ಮುರಿದ ಭಾಗ ಕೂಡಿಸಲು ಎರಡೂ ಮುಖಗಳಲ್ಲಿ ರಂಧ್ರ ಕೊರೆದು, ತುಕ್ಕು ಹಿಡಿಯದ ಸ್ಟೀಲ್ ಕಡ್ಡಿ ಇಟ್ಟು ಎಪಾಕ್ಸಿ ತುಂಬುವುದು ರೂಢಿ. ಬಿರುಕಿಗೆ ಅದೇ ಕಲ್ಲಿನ ಪುಡಿ ಬೆರೆಸಿದ ಎಪಾಕ್ಸಿ ತುಂಬಿ ಎಮರಿ ಪೇಪರಿನಿಂದ ಉಜ್ಜಿದರೆ ಬಣ್ಣ ಬಹುಮಟ್ಟಿಗೆ ಹೊಂದುತ್ತದೆ. ಬೆಲೆಬಾಳುವ ಹಳೆಯ ವಸ್ತುವಿಗೆ ಮಾತ್ರ ಈ ದಾರಿ ಸಲ್ಲದು. ಸಂರಕ್ಷಣಾ ತಜ್ಞರು ಅಸಿಟೋನಿನಲ್ಲಿ ಕರಗಿಸಿ ಮತ್ತೆ ತೆಗೆಯಬಹುದಾದ ಅಕ್ರಿಲಿಕ್ ಅಂಟನ್ನು ಬಳಸುತ್ತಾರೆ. 100 ವರ್ಷ ದಾಟಿದ ಕಲ್ಲಿನ ವಿಗ್ರಹ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ನೋಂದಣಿ ಕಡ್ಡಾಯ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳ ಕಲ್ಲಿಗೆ ಖಾಸಗಿಯವರು ಉಪಕರಣ ಮುಟ್ಟಿಸುವುದು 1958ರ ಸ್ಮಾರಕ ಕಾಯ್ದೆಯಡಿ ಅಪರಾಧ.

ಕಲ್ಲಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲವು ಬಳಪದ ಕಲ್ಲುಗಳಲ್ಲಿ ಕಲ್ನಾರಿನ ಜಾತಿಯ ಎಳೆಗಳೂ ಇರುವುದುಂಟು. ಬಟ್ಟೆಯ ಮುಸುಕು ಸಾಲದು, ಕನಿಷ್ಠ ಎನ್-95 ಮಾಸ್ಕ್ ಮತ್ತು ಕನ್ನಡಕ ಬೇಕು; ಕಲ್ನಾರಿನ ಎಳೆಗಳ ಶಂಕೆಯಿದ್ದರೆ ಎನ್-95 ಕೂಡ ಸಾಲದು. ದೂಳು ಅಡಗಿಸಲು ಕಲ್ಲನ್ನು ಒದ್ದೆ ಮಾಡಬಹುದು, ಯಂತ್ರದ ಮೋಟಾರಿನೊಳಗೆ ಮಾತ್ರ ನೀರು ಹೋಗಬಾರದು. ಬಾಗುವ ಶಾಫ್ಟ್ ಇದ್ದವರು ಮೋಟಾರನ್ನು ದೂರ ತೂಗುಹಾಕುತ್ತಾರೆ.