ದಮ್ಮಿನ ಲೆಕ್ಕ: ವಹಿಯಿಂದ ಮೊಬೈಲಿಗೆ

ಅಕ್ಕಾರ, ತಂಗ್ಯಾರ, ನಮ್ಮ ಕಡೆ ದಮ್ಮು ಅಂದ್ರ ಯಾರಿಗೂ ಹೊಸಾದಲ್ಲ. ರಬಕವಿ-ಬನಹಟ್ಟಿ ಮಗ್ಗದ ಮನ್ಯಾಗ ಹತ್ತಿ ಧೂಳು, ಜಮಖಂಡಿ-ಮುಧೋಳ ಹೊಲದಾಗ ಕಬ್ಬಿನ ರವದಿ ಸುಟ್ಟ ಹೊಗಿ, ಮನ್ಯಾಗಿನ ಒಲಿ ಹೊಗಿ ಬ್ಯಾರೆ. ದಮ್ಮು ಇದ್ದವರನ್ನ ಇವು ಕೆಣಕತಾವ. ಮಿರಗಾ ಕೂಡೂ ಹೊತ್ತಿಗೆ ಹೈದರಾಬಾದಿನ ಬತ್ತಿನಿ ಮನೆತನದವರು ಕೊಡೂ ಮೀನಿನ ಔಷಧದ ಸುದ್ದಿನೂ ಕೇಳೇವಿ. ಅದು ವರ್ಷಕ್ಕೊಮ್ಮಿ ಮಾತು. ಉಸಿರು ದಿನಾ ಬೇಕು, ಅದಕ್ಕ ಲೆಕ್ಕಾನೂ ದಿನಾ ಬೇಕು.

ಈ ಲೆಕ್ಕ ಹೆಂಗ ಬಂತು ನೋಡ್ರಿ. ಅಮೆರಿಕಾದ ರೈಕರ್ ಕಂಪನಿ ಮುಖ್ಯಸ್ಥ ಜಾರ್ಜ್ ಮೈಸನ್ ಅವರ ಮಗಳಿಗೆ ದಮ್ಮು ಇತ್ತು. ತನ್ನ ಔಷಧ ಸ್ಪ್ರೇ ಡಬ್ಬಿಯೊಳಗ ಯಾಕ ಬರಬಾರದು ಅಂತ ಆಕಿ ಕೇಳಿದ್ಲಂತ. 1956ರಾಗ ನಾವು ಪಂಪ್ ಅನ್ನೂ ಇನ್ಹೇಲರ್ ಬಂತು. 1959ರಾಗ ಬ್ರಿಟನ್ನಿನ ರೈಟ್ ಮತ್ತ ಮೆಕೆರೊ ಅನ್ನೂವರು ಪೀಕ್ ಫ್ಲೋ ಮೀಟರಿನ ವಿಷಯ ಪ್ರಕಟ ಮಾಡಿದ್ರು. ಮುಂದ ಅದರ ಸಣ್ಣದು ಬಂತು. ಮನ್ಯಾಗ ಮುಂಜಾನಿ, ಸಂಜಿ ಊದಿ ವಹಿಯೊಳಗ ಬರಿಯೂದು ಸುರು ಆತು.

ಆ ವಹೀನ ಈಗ ಮೊಬೈಲಿಗೆ ಬಂದೈತಿ. 2010ರಾಗ ಡೇವಿಡ್ ವ್ಯಾನ್ ಸಿಕಲ್ ಅಮೆರಿಕಾದಾಗ ಅಸ್ತಮಾಪೊಲಿಸ್ ಕಂಪನಿ ಕಟ್ಟಿದ್ರು. ಮುಂದ ಅದು ಪ್ರೊಪೆಲರ್ ಹೆಲ್ತ್ ಆತು. ಪಂಪಿಗೆ ಹಚ್ಚಿದ ಸೆನ್ಸರ್, ಯಾವಾಗ ಎಲ್ಲಿ ಪಂಪ್ ಒತ್ತಿದ್ರು ಅನ್ನೂದನ್ನ ಫೋನಿಗೆ ತಿಳಸತೈತಿ. ಹಂಗಂತ ಆ್ಯಪ್ ಒಂದ ಸಾಕು ಅನ್ಬ್ಯಾಡ್ರಿ. 2013ರಾಗ ಕಾಕ್ರೇನ್ ಸಂಸ್ಥೆಯವರು ಹುಡುಕಿದಾಗ ಸಿಕ್ಕಿದ್ದು ಎರಡ ಅಧ್ಯಯನ, 408 ಮಂದಿ. ಒಂದರಾಗ ಅನುಕೂಲ ಕಂಡಿತು, ಇನ್ನೊಂದರಾಗ ಹೇಳೂವಂಥ ಫರಕ ಕಾಣಲಿಲ್ಲ.

ಲೆಕ್ಕದಿಂದ ಉಪಯೋಗ ಏನಂದ್ರ, ಥಟ್ಟನೆ ಆರಾಮ ಕೊಡೂ ಪಂಪ್ ವಾರದಾಗ ಎರಡಕ್ಕಿಂತ ಹೆಚ್ಚು ಸಲ ಬೇಕಾದ್ರ ದಮ್ಮು ಹತೋಟಿಯೊಳಗ ಇಲ್ಲ ಅಂತ ಅರ್ಥ. ಬರೇ ಅಂಥಾ ಪಂಪ್ ಮ್ಯಾಲೆ ದೊಡ್ಡವರು ನಿಂದರಬಾರದು, ಒಳಗಿನ ಬಾವು ಇಳಸೂ ಔಷಧಾನೂ ಉಸಿರಿನ ಮೂಲಕ ತಗೋಬೇಕು ಅಂತ 2019ರಾಗ ಅಸ್ತಮಾ ವೈದ್ಯರ ಜಾಗತಿಕ ಸಂಸ್ಥೆ ಗಿನಾ ಹೇಳೇತಿ. ನಮ್ಮ ಹೆಣ್ಮಕ್ಕಳು 'ಪಂಪ್ ಚಟಾ ಆಗತೈತಿ' ಅಂತ ಹೆದರಿ ಮುಚ್ಚಿಡತಾರಲ್ಲ, ಜೀವಕ್ಕ ಕುತ್ತು ಬರೂದು ಅಲ್ಲೇ. ಪಂಪ್ ಚಟಾ ಅಲ್ರಿ, ಔಷಧ.

ಫೋನು ಮಗನ ಕೈಯಾಗ ಇದ್ರ ಬಿಡ್ರಿ. ಹಾಲಿನ ಲೆಕ್ಕ ಬರಿಯೂ ಕ್ಯಾಲೆಂಡರಿನಾಗ ಪಂಪ್ ಒತ್ತಿದ ದಿನಕ್ಕೊಂದು ಗುರುತು ಹಾಕ್ರಿ, ಡಾಕ್ಟರಿಗೆ ತೋರಸ್ರಿ. ಪಂಪ್ ಒತ್ತಿದ್ರೂ ಇಳೀಲಿಲ್ಲ, ಪೂರಾ ಮಾತಾಡಾಕ ಉಸಿರು ಸಾಲವಲ್ದು, ತುಟಿ ನೀಲಿ ಆತು ಅಂದ್ರ ಲೆಕ್ಕ ನೋಡ್ಕೋತ ಕುಂದರಬ್ಯಾಡ್ರಿ. 108ಕ್ಕ ಫೋನ್ ಮಾಡ್ರಿ.